ಕೆಸರಿನ ಜೀವಕ್ಕೂ ಒಂದು ಪಾಲು ಬಿಡಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ರೈತಬಾಂಧವರೇ, ತಾಯಂದಿರೇ, ಸಾಲಿ ಮಾಸ್ತರರೇ, ಅಕ್ಕೋರೇ, ಪಂಚಾಯಿತಿಗೆ ಆರಿಸಿ ಬಂದವರೇ, ಕೆರೆಯ ಮೀನು ಗುತ್ತಿಗೆ ಹಿಡಿದವರೇ, ನಿಮಗೆಲ್ಲ ಕೈಮುಗಿದು ಈ ಮಾತು ಹೇಳುತ್ತಿದ್ದೇನೆ. ಬೇಸಿಗೆಯಲ್ಲಿ ನಮ್ಮ ಕೆರೆಗಳ ತಳ ಒಣಗಿ, ಬಿರಿದು, ಬಾಯಿಬಿಟ್ಟಾಗ ಅಲ್ಲಿ ಇನ್ನೇನೂ ಉಳಿದಿಲ್ಲ ಅಂದುಕೊಳ್ಳುತ್ತೇವೆ. ಹಾಗೆ ಅಂದುಕೊಂಡೇ ಅದರ ಮೇಲೆ ಕಸ ಸುರಿಯುತ್ತೇವೆ, ಜೆಸಿಬಿ ಇಳಿಸುತ್ತೇವೆ, ಹಳ್ಳದ ಮಡುವಿನಲ್ಲಿ ಕೀಟನಾಶಕದ ಎಣ್ಣಿ ಹೊಡೆದ ಪಂಪು ತೊಳೆಯುತ್ತೇವೆ. ಆದರೆ ಆ ಬಿರಿದ ಕೆಸರು ಸತ್ತಿಲ್ಲ. ಮಿಲಿಮೀಟರಿನ ಕಾಲುಭಾಗವೂ ಇರದ ಮೊಟ್ಟೆಗಳು ಅದರ ಒಂದೊಂದು ಚದರ ಮೀಟರಿನಲ್ಲೂ ಸಾವಿರಗಟ್ಟಲೆ ಇರಬಲ್ಲವು. ಮಳೆ ಬಿದ್ದು ನೀರು ನಿಂತ ಒಂದೆರಡು ದಿನದಲ್ಲಿ ಒಡೆಯುವ ಮೊಟ್ಟೆಗಳು ಅವು. ಅವನ್ನು ನಾವು ಕೊಲ್ಲುತ್ತಿದ್ದೇವೆ. ಗೊತ್ತಿಲ್ಲದೆ ಕೊಲ್ಲುತ್ತಿದ್ದೇವೆ ಎಂಬುದೊಂದೇ ಇಲ್ಲಿಯವರೆಗೆ ನಮಗಿದ್ದ ಸಮಾಧಾನ. ಗೊತ್ತಾದ ಮೇಲೂ ಕೊಂದರೆ ಏನು ಹೇಳೋಣ?

ಈ ಮೊಟ್ಟೆಗಳಿಂದ ಹೊರಬರುವ ಜೀವಿಗಳು ಸಿಗಡಿ, ಏಡಿಗಳ ಕುಲದವು. ಮೈಮೇಲೆ ಗಟ್ಟಿ ಕವಚ, ಕೀಲುಕೀಲಾದ ಕಾಲು, ಬೆಳೆಯಬೇಕಾದರೆ ಹಳೇ ಕವಚ ಕಳಚಿ ಹೊಸದು ತೊಡಬೇಕು. ದಕ್ಷಿಣ ಧ್ರುವದ ಸಮುದ್ರದಲ್ಲಿ ತಿಮಿಂಗಿಲಗಳಿಗೆ ಆಹಾರವಾಗುವ ಕ್ರಿಲ್ ಕೂಡ ಇದೇ ಕುಲದ್ದು. ಮಕ್ಕಳು ಮೊಬೈಲಿನಲ್ಲಿ ಆ ತಿಮಿಂಗಿಲ ಬಾಯ್ತೆರೆದು ಕ್ರಿಲ್ ನುಂಗುವುದನ್ನು ನೋಡಿ ಬೆರಗಾಗುತ್ತಾರೆ. ಅದೇ ಕ್ರಿಲ್‌ನ ಬಂಧುಗಳು ತಮ್ಮೂರ ಕೆರೆಯಲ್ಲಿವೆ ಎಂದು ಆ ಮಕ್ಕಳಿಗೆ ಯಾರೂ ಹೇಳಿಲ್ಲ. ನೀರುಚಿಗಟ, ಸೈಕ್ಲಾಪ್ಸ್, ಬೆನ್ನಡಿಯಾಗಿ ಈಜುವ ಮಳೆಹೊಂಡದ ಸಿಗಡಿ, ಎರಡು ಚಿಪ್ಪಿನ ನಡುವೆ ಅಡಗಿ ಬದುಕುವ ಚಿಪ್ಪುಸಿಗಡಿ, ಎಲ್ಲವನ್ನೂ ನಾವು 'ನೀರಾಗಿನ ಹುಳ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೇವೆ.

ಒಂದು ಗಾಜಿನ ಲೋಟದಲ್ಲಿ ಕೆರೆಯ ಅಂಚಿನ ನೀರು ಮೊಗೆದು ಬಿಸಿಲಿಗೆ ಹಿಡಿಯಿರಿ. ಕ್ಷಣ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಒಂದು ಬಿಳಿ ಚುಕ್ಕೆ ತಟಕ್ಕನೆ ಜಿಗಿದು ನಿಲ್ಲುತ್ತದೆ, ಮತ್ತೆ ಜಿಗಿದು ನಿಲ್ಲುತ್ತದೆ. ಅದು ಸೈಕ್ಲಾಪ್ಸ್. ಉದ್ದ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್, ಅಷ್ಟೇ. ಅಗ್ಗದ ಭೂತಗನ್ನಡಿ ಹಿಡಿದು ನೋಡಿ: ಮುಂದೆ ಅಗಲ, ಹಿಂದಕ್ಕೆ ಸಪೂರವಾಗುತ್ತ ಹೋಗಿ ಕವಲೊಡೆದ ಬಾಲ, ಹಣೆಯ ನಟ್ಟನಡುವೆ ಒಂದೇ ಒಂದು ಕೆಂಪು ಕಣ್ಣು. ಹೆಣ್ಣಾದರೆ ಬಾಲದ ಬುಡದ ಎರಡೂ ಕಡೆ ಒಂದೊಂದು ಮೊಟ್ಟೆಚೀಲ ಹೊತ್ತಿರುತ್ತದೆ. ಹೃದಯವೆಂಬ ಅಂಗವೇ ಅದಕ್ಕಿಲ್ಲ, ಕಿವಿರೂ ಇಲ್ಲ. ಮೈ ಅಲುಗಿದಾಗಲೇ ಒಳಗಿನ ರಸ ಸುತ್ತಾಡುತ್ತದೆ, ಚರ್ಮದಿಂದಲೇ ಉಸಿರು ಒಳಸೇರುತ್ತದೆ. ಇಷ್ಟು ಕಡಿಮೆಯಲ್ಲಿ ಇಷ್ಟು ಚೆಂದ ಬದುಕುವ ಜೀವ ಅದು. ಒಮ್ಮೆ ಅದನ್ನು ಹತ್ತಿರದಿಂದ ನೋಡಿದವರ ಕೈ ಆ ನೀರಿಗೆ ವಿಷ ಹಾಕಲು ಸುಲಭಕ್ಕೆ ಏಳುವುದಿಲ್ಲ ಎಂದು ನಾನು ನಂಬಿದ್ದೇನೆ.

ಆ ಮೊಟ್ಟೆಚೀಲದಿಂದ ಹೊರಬರುವ ಮರಿ ತಾಯಿಯನ್ನು ಹೋಲುವುದೇ ಇಲ್ಲ. ಅದಕ್ಕೆ ಎದೆಯಿಲ್ಲ, ಬಾಲವಿಲ್ಲ. ಇರುವುದು ತಲೆ ಮಾತ್ರ, ಆ ತಲೆಗೆ ಮೂರು ಜೊತೆ ಅಂಗ. ಎರಡು ಜೊತೆ ಮುಂದೆ ಮೀಸೆಗಳಾಗುವಂಥವು, ಒಂದು ಜೊತೆ ಮುಂದೆ ದವಡೆಯಾಗುವಂಥದ್ದು. ಸದ್ಯಕ್ಕೆ ಮೂರೂ ಹುಟ್ಟುಹಾಕಲಿಕ್ಕೇ. ಇದಕ್ಕೆ ನಾಪ್ಲಿಯಸ್ ಎನ್ನುತ್ತಾರೆ. ಆರು ನಾಪ್ಲಿಯಸ್ ಹಂತ ದಾಟಿ, ಪ್ರತಿ ಹಂತಕ್ಕೂ ಕವಚ ಕಳಚಿ, ಆಮೇಲೆ ದೊಡ್ಡವುಗಳ ಆಕಾರ ತಾಳಿ ಇನ್ನೂ ಐದು ಹಂತ ಮುಗಿಸಿದ ಮೇಲೆ ಅದು ಪೂರ್ಣ ಸೈಕ್ಲಾಪ್ಸ್. ಕೆರೆ ಬತ್ತುವ ಹೊತ್ತಿಗೆ ಕೆಲವು ಜಾತಿಗಳು ಈ ಎರಡನೇ ಸರಣಿಯ ಕೊನೆಕೊನೆಯ ಹಂತದಲ್ಲೇ ಬೆಳವಣಿಗೆ ನಿಲ್ಲಿಸಿ ಕೆಸರಿಗಿಳಿದು ಮಲಗುತ್ತವೆ. ನೀರು ಬಂದಾಗ ಎದ್ದು ಮುಂದಿನ ಹಂತಕ್ಕೆ ನಡೆಯುತ್ತವೆ.

ಈಗ ದಕ್ಷಿಣ ಧ್ರುವಕ್ಕೆ ಬನ್ನಿ. ಅಲ್ಲಿಯ ಕ್ರಿಲ್ ಬೆಳೆದರೆ ಆರು ಸೆಂಟಿಮೀಟರ್, ತೂಕ ಎರಡು ಗ್ರಾಂ. ಎದೆಯ ಕಾಲುಗಳನ್ನು ಮುಂದಕ್ಕೆ ಮಡಚಿ ಬುಟ್ಟಿ ಮಾಡಿ, ಕಾಲಿನ ಕೂದಲುಗಳ ಜರಡಿಯಲ್ಲಿ ನೀರು ಸೋಸಿ ಪಾಚಿ ತಿನ್ನುತ್ತದೆ. ಸಿಗಡಿಗಿರುವಂತೆ ಅದರ ಕಿವಿರುಗಳನ್ನು ಕವಚ ಮುಚ್ಚಿಲ್ಲ, ಹೊರಗೇ ಕಾಣುತ್ತವೆ. ಹೊಟ್ಟೆಯ ಐದು ಜೊತೆ ಈಜುಗಾಲು ಬಿಡುವಿಲ್ಲದೆ ಆಡುತ್ತಿರಬೇಕು, ಇಲ್ಲದಿದ್ದರೆ ಅದು ಮುಳುಗುತ್ತದೆ. ಹೆಣ್ಣು ಕ್ರಿಲ್ ಒಂದು ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ಸಮುದ್ರದಲ್ಲಿ ಏಳುನೂರು, ಸಾವಿರ ಮೀಟರ್ ಕೆಳಕ್ಕೆ ಇಳಿಯುತ್ತ ಹೋಗಿ ಕತ್ತಲಲ್ಲಿ ಒಡೆಯುತ್ತವೆ. ಅಲ್ಲಿಂದ ಹೊರಡುವುದೂ ಅದೇ ನಾಪ್ಲಿಯಸ್: ಮೂರು ಜೊತೆ ಅಂಗದ ತಲೆ. ಅದಕ್ಕೆ ಬಾಯಿ ಇನ್ನೂ ತೆರೆದಿಲ್ಲ. ತಾಯಿ ಕೊಟ್ಟ ಭಂಡಾರದ ಬಲದಿಂದಲೇ ಮೇಲಕ್ಕೆ ಈಜುತ್ತದೆ. ಎರಡು ನಾಪ್ಲಿಯಸ್ ಹಂತ, ಒಂದು ಮೆಟಾನಾಪ್ಲಿಯಸ್, ಆಮೇಲೆ ಕ್ಯಾಲಿಪ್ಟೋಪಿಸ್. ಹೆಚ್ಚುಕಡಿಮೆ ಮೂರು ವಾರದ ಆ ಏರಿಕೆ ಮುಗಿದು ಮೇಲ್ನೀರಿಗೆ ಬಂದಾಗಲೇ ಅದು ಮೊದಲ ಬಾರಿಗೆ ಉಣ್ಣುವುದು. ಅಲ್ಲಿಂದ ಹತ್ತು-ಹದಿನಾಲ್ಕು ದಿನದೊಳಗೆ ಪಾಚಿ ಸಿಗದಿದ್ದರೆ, ಆಮೇಲೆ ಎಷ್ಟು ಸಿಕ್ಕರೂ ಅದು ಬದುಕುವುದಿಲ್ಲ. ಬದುಕಿದ್ದು ಫರ್ಸೀಲಿಯಾ ಎಂಬ ಆರು ಹಂತಗಳನ್ನು ದಾಟಿ, ಹಂತಹಂತಕ್ಕೆ ಒಂದರ ಹಿಂದೊಂದು ಈಜುಗಾಲು ಮೂಡಿಸಿಕೊಂಡು, ಚಳಿಗಾಲವಿಡೀ ಮಂಜುಗಡ್ಡೆಯ ಅಡಿಯ ಪಾಚಿ ಕೆರೆದು ತಿಂದು ಮರಿಕ್ರಿಲ್ ಆಗುತ್ತದೆ.

ಸಾವಿರ ಮೀಟರ್ ಆಳದ ಹಿಮಸಮುದ್ರ ಎಲ್ಲಿ, ಮೊಣಕಾಲುದ್ದ ನೀರಿನ ಎರೆಸೀಮೆಯ ಹೊಂಡ ಎಲ್ಲಿ! ಆದರೂ ಎರಡು ಕಡೆಯೂ ಬದುಕು ಶುರುವಾಗುವುದು ಒಂದೇ ಆಕಾರದಲ್ಲಿ, ಒಂದೇ ಮೂರು ಜೊತೆ ಅಂಗದಲ್ಲಿ. ಬೇರೆ ಏನೂ ಬೇಡ, ಈ ಒಂದು ಸಂಗತಿ ಸಾಕು ನಾವು ನಮ್ಮ ಹೊಂಡದ ಮುಂದೆ ಒಂದು ಕ್ಷಣ ತಲೆಬಾಗಿ ನಿಲ್ಲಲು.

ಇನ್ನೊಂದು ಸಂಗತಿ ನರಗುಂದದವರಿಗೆ ವಿಶೇಷವಾಗಿ ಹೇಳಬೇಕು. 1980ರ ಮೇ 20ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹಲವು ದೇಶಗಳು ಸೇರಿ ದಕ್ಷಿಣ ಧ್ರುವದ ಸಮುದ್ರಜೀವಿಗಳ ರಕ್ಷಣೆಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ದೊಡ್ಡ ಹಡಗುಗಳು ಕ್ರಿಲ್ ಬಾಚಲು ಶುರುಮಾಡಿದ್ದವು, ಅದಕ್ಕೆ ಮಿತಿ ಬೇಕಾಗಿತ್ತು. 1982ರಲ್ಲಿ ಒಪ್ಪಂದ ಜಾರಿಗೆ ಬಂತು, 1986ರಲ್ಲಿ ಭಾರತವೂ ಅದರ ಆಯೋಗದ ಸದಸ್ಯನಾಯಿತು. ಅದರ ತಿರುಳು ಇಷ್ಟು: ಹಿಡಿಯುವವನು ತನ್ನ ಬಲೆಯ ಲೆಕ್ಕವೊಂದನ್ನೇ ನೋಡಬಾರದು. ಆ ಕ್ರಿಲ್ ಮೇಲೆ ಬದುಕಿರುವ ತಿಮಿಂಗಿಲ, ಪೆಂಗ್ವಿನ್, ಸೀಲ್‌ಗಳ ಪಾಲನ್ನು ಮೊದಲು ಬಿಟ್ಟು ಆಮೇಲೆ ತನ್ನದನ್ನು ಎತ್ತಬೇಕು. ಸಹಿ ಬಿದ್ದ ಎರಡು ತಿಂಗಳಿಗೆ, 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಬೀದಿಗಿಳಿದರು, ಗುಂಡಿಗೆ ಎದೆಗೊಟ್ಟರು. ನೀರು ಯಾರದು, ಅದರ ಪಾಲು ಯಾರಿಗೆ, ಅದರ ಬೆಲೆ ಯಾರು ಕಟ್ಟಬೇಕು ಎಂದು ಅಂದು ಈ ಮಣ್ಣು ಇಡೀ ರಾಜ್ಯಕ್ಕೆ ಕೇಳಿತು. 2015ರ ಜುಲೈನಲ್ಲಿ ಮಹದಾಯಿ ನದಿಯ ನೀರಿಗಾಗಿ ಮತ್ತೆ ಕೇಳಿತು. ನೀರಿನ ನ್ಯಾಯ ಇಷ್ಟು ಗೊತ್ತಿರುವ ಜನ, ಆ ನೀರೊಳಗೇ ಹುಟ್ಟಿ ಅಲ್ಲೇ ಸಾಯುವ ಜೀವದ ಪಾಲನ್ನು ಮಾತ್ರ ಕೇಳದೆ ಬಿಟ್ಟರೆ ಹೇಗೆ?

ಮಳೆಹೊಂಡದ ಸಿಗಡಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಣಭೂಮಿಯ ಛಲ ಅದರಲ್ಲಿದ್ದಷ್ಟು ಬೇರೆ ಯಾವುದರಲ್ಲೂ ಇಲ್ಲ. ದಕ್ಷಿಣ ಭಾರತದ ಮಳೆಹೊಂಡಗಳಲ್ಲಿ ಸಿಗುವ ಸ್ಟ್ರೆಪ್ಟೋಸೆಫಾಲಸ್ ಡೈಕಾಟೋಮಸ್ ಎಂಬ ಜಾತಿಗೆ 1860ರಲ್ಲಿ ವಿಲಿಯಂ ಬೇರ್ಡ್ ಎಂಬ ವಿಜ್ಞಾನಿ ಹೆಸರಿಟ್ಟರು. ಅದರ ಹಿಂದಿನ ವರ್ಷವೇ ಅವರು ನಾಗಪುರದ ನೀರಿನಿಂದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಹಿಡಿದುಕೊಟ್ಟ ಚಿಪ್ಪುಸಿಗಡಿಯೊಂದಕ್ಕೆ ಹಿಸ್ಲಾಪರ ಹೆಸರನ್ನೇ ಇಟ್ಟಿದ್ದರು. ನಾಗಪುರದ್ದೂ ನಮ್ಮಂಥದೇ ಎರೆಮಣ್ಣು. ಆ ಚಿಪ್ಪುಸಿಗಡಿ ತನ್ನ ಕುಲದ ರೂಢಿ ಬಿಟ್ಟು ಮರಿಗಳನ್ನು ನಾಪ್ಲಿಯಸ್ ಆಗಿ ನೀರಿಗೆ ಬಿಡದೆ, ತಾಯಿಯದೇ ಪುಟ್ಟ ಆಕಾರ ಬರುವ ತನಕ ಚಿಪ್ಪಿನೊಳಗೇ ಸಾಕುತ್ತದೆ.

ಮಳೆಹೊಂಡದ ಸಿಗಡಿಗೆ ಚಿಪ್ಪೂ ಇಲ್ಲ, ಕವಚದ ಮುಸುಕೂ ಇಲ್ಲ. ಒಂದೆರಡು ಸೆಂಟಿಮೀಟರಿನ ಪಾರದರ್ಶಕ ಮೈ. ದಂಟಿನ ತುದಿಯಲ್ಲಿ ಎರಡು ಕಪ್ಪು ಕಣ್ಣು. ಎದೆಯುದ್ದಕ್ಕೂ ಹನ್ನೊಂದು ಜೊತೆ ಎಲೆಗಾಲು. ಈ ಕಾಲುಗಳೇ ಅದರ ಹುಟ್ಟು, ಅವೇ ಅದರ ಮೂಗು, ಅವೇ ಅದರ ಕೈ: ಈಜುವುದು, ಉಸಿರಾಡುವುದು, ನೀರಿನ ಪಾಚಿ ಸೋಸಿ ಬಾಯಿಗೆ ಸಾಗಿಸುವುದು, ಮೂರೂ ಕೆಲಸ ಒಂದೇ ಅಲೆಯಲ್ಲಿ ನಡೆಯುತ್ತದೆ. ಅದು ಈಜುವುದು ಬೆನ್ನು ಕೆಳಗೆ ಮಾಡಿ, ಕಾಲು ಆಕಾಶಕ್ಕೆ ಮಾಡಿ. ಕಚ್ಚಲು ಹಲ್ಲಿಲ್ಲ, ಚುಚ್ಚಲು ಮುಳ್ಳಿಲ್ಲ, ಅಡಗಲು ಚಿಪ್ಪಿಲ್ಲ. ಹಾಗಾಗಿ ಮೀನಿರುವ ನೀರಿನಲ್ಲಿ ಅದು ಬದುಕಲಾರದು. ವರ್ಷಕ್ಕೊಮ್ಮೆ ಒಣಗುವ ಹೊಂಡವೇ ಅದಕ್ಕೆ ಸುರಕ್ಷಿತ ಮನೆ. ನೀರು ನಿಂತ ಎರಡನೇ ದಿನಕ್ಕೆ ನಾಪ್ಲಿಯಸ್, ಒಂದೆರಡು ವಾರಕ್ಕೆ ಪ್ರಾಯ, ಹೊಂಡ ಬತ್ತುವ ಮೊದಲೇ ಮೊಟ್ಟೆ. ಆ ಮೊಟ್ಟೆಯೊಳಗೆ ಭ್ರೂಣ ಒಂದಿಷ್ಟು ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಗಟ್ಟಿ ಸಿಪ್ಪೆಯೊಳಗೆ, ಹೆಚ್ಚುಕಡಿಮೆ ನೀರೇ ಇಲ್ಲದೆ, ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲನ್ನು ತಡೆಯುತ್ತದೆ. ಮಳೆ ಬಂದಾಗ ಎಲ್ಲ ಮೊಟ್ಟೆಯೂ ಒಮ್ಮೆಗೇ ಒಡೆಯುವುದಿಲ್ಲ. ಅಡ್ಡಮಳೆ ಬಿದ್ದು ಹೊಂಡ ಹತ್ತೇ ದಿನಕ್ಕೆ ಒಣಗಿಹೋದರೆ ಕುಲವೇ ನಾಶವಾದೀತು. ಅದಕ್ಕೇ ಒಂದು ಪಾಲು ಒಡೆದು, ಉಳಿದ ಪಾಲು ಮುಂದಿನ ಮಳೆಗೆ, ಅದರ ಮುಂದಿನ ವರ್ಷಕ್ಕೆ ಉಳಿಯುತ್ತದೆ.

ನರಗುಂದದ ಹಿರಿಯರಿಗೆ ಇದು ಹೊಸ ವಿದ್ಯೆಯೇನಲ್ಲ. ಬಿಳಿಜೋಳ ಚೆನ್ನಾಗಿ ಬಂದ ವರ್ಷ ಹಗೇವಿಗೆ ಇಳಿಸಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ, ಬರಗಾಲಕ್ಕೆಂದು ಇಟ್ಟವರು ನಾವು. ಕೆರೆಯ ತಳವೂ ಅಂಥ ಹಗೇವು. ಹಾಕುವುದು ಒಂದು ವರ್ಷ, ತೆಗೆಯುವುದು ಎಷ್ಟೋ ವರ್ಷಕ್ಕೆ. ಎಷ್ಟು ವರ್ಷ ಎಂದು ಕೇಳಿದರೆ ಉತ್ತರ ನಂಬುವುದು ಕಷ್ಟ: ಅಮೆರಿಕದ ರೋಡ್ ಐಲೆಂಡಿನ ಒಂದು ಕೊಳದ ಕೆಸರಿನಿಂದ ತೆಗೆದ, ಮುನ್ನೂರು ವರ್ಷಕ್ಕೂ ಹಿಂದಿನ ಪದರಿನ ಮೊಟ್ಟೆಗಳು ಒಡೆದು ಮರಿಯಾದದ್ದನ್ನು ವಿಜ್ಞಾನಿಗಳು 1995ರಲ್ಲಿ ವರದಿ ಮಾಡಿದರು. ಅವು ಸೈಕ್ಲಾಪ್ಸ್‌ಗೆ ಹತ್ತಿರದ ಸಂಬಂಧಿಗಳ ಮೊಟ್ಟೆಗಳು. 1858ರಲ್ಲಿ ನರಗುಂದದ ಬಾಬಾಸಾಹೇಬರು ಕಂಪನಿ ಸರ್ಕಾರದ ವಿರುದ್ಧ ಎದ್ದದ್ದಕ್ಕಿಂತ ಎಷ್ಟೋ ಹಿಂದಿನ ಕಾಲದ ಮೊಟ್ಟೆಗಳು ಎಂದರೆ ನಮಗೆ ಅಂದಾಜು ಸಿಕ್ಕೀತು.

ಈಗ ನಮ್ಮ ಕೈ ಏನು ಮಾಡುತ್ತಿದೆ, ಹೇಳುತ್ತೇನೆ. ಕಡಲೆಗೆ ಕಾಯಿಕೊರಕ ಬಿತ್ತು, ಹೆಸರಿಗೆ ಕೀಡಿ ಬಿತ್ತು, ಹತ್ತಿಗೆ, ಮೆಣಸಿನಗಿಡಕ್ಕೆ ನುಸಿ ಬಿತ್ತು. ಎಣ್ಣಿ ಹೊಡೆಯದೆ ವಿಧಿಯಿಲ್ಲ ಎನ್ನುವ ರೈತನ ಸಂಕಟ ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಬಿತ್ತಿದವನಿಗೆ ಹೊಡೆಯಬೇಡ ಎಂದು ದೂರ ಕೂತು ಉಪದೇಶ ಹೇಳುವ ಹಕ್ಕು ಯಾರಿಗೂ ಇಲ್ಲ. ನನ್ನ ಮಾತು ಹೊಡೆದ ಮೇಲಿನದು. ಸಂಜೆ ಪಂಪು ತೊಳೆಯುವುದೆಲ್ಲಿ? ಖಾಲಿ ಡಬ್ಬಿ ಒಗೆಯುವುದೆಲ್ಲಿ? ಹಳ್ಳದ ದಂಡೆಯಲ್ಲಿ, ಕೆರೆಯ ಕೋಡಿಯಲ್ಲಿ, ಹೊಲದ ಮೂಲೆಯ ಹೊಂಡದಲ್ಲಿ. ಕೀಟವನ್ನು ಕೊಲ್ಲುವ ಔಷಧಿಗೆ ಕೀಟ ಯಾವುದು, ಸಿಗಡಿಮರಿ ಯಾವುದು ಎಂಬ ಭೇದ ತಿಳಿಯುವುದಿಲ್ಲ, ಏಕೆಂದರೆ ಎರಡರ ಮೈಕಟ್ಟೂ ಒಂದೇ ಬಗೆಯದು, ನರದ ಕೆಲಸವೂ ಒಂದೇ ಬಗೆಯದು. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು, ಕಾಯಿಕೊರಕಕ್ಕೆ ಹೊಡೆಯುವ ಎಮಾಮೆಕ್ಟಿನ್, ಇವು ನೀರಿನ ಸಿಗಡಿಕುಲಕ್ಕೆ ಅತಿ ಘೋರ ವಿಷ. ಇನ್ನು ನೊವಾಲ್ಯುರಾನ್, ಲುಫೆನ್ಯುರಾನ್‌ನಂಥವು ಕೆಲಸ ಮಾಡುವ ರೀತಿಯನ್ನೇ ನೋಡಿ: ಹುಳು ಹೊಸ ಕವಚ ಕಟ್ಟಿಕೊಳ್ಳದಂತೆ ತಡೆಯುವುದೇ ಅವುಗಳ ಗುಟ್ಟು. ಆರು ನಾಪ್ಲಿಯಸ್ ಹಂತ, ಐದು ಮುಂದಿನ ಹಂತ ಎಂದೆನಲ್ಲ, ಆ ಪ್ರತಿಯೊಂದು ಹಂತವೂ ಒಂದೊಂದು ಕವಚ ಬದಲಾವಣೆ. ಹನ್ನೊಂದು ಬಾಗಿಲಿನ ದಾರಿಯಲ್ಲಿ ಯಾವ ಬಾಗಿಲಲ್ಲಿ ಬೇಕಾದರೂ ಆ ಮರಿ ಹಳೇ ಕವಚದೊಳಗೇ ಸಿಕ್ಕಿಕೊಂಡು ಸಾಯುತ್ತದೆ.

ಇದು ಕಾನೂನಿಗೂ ಒಪ್ಪಿತವಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ 44ನೆಯದು ಖಾಲಿ ಡಬ್ಬಿ ಮತ್ತು ತೊಳೆದ ನೀರು ನೆಲಜಲಕ್ಕೆ ಸೇರದಂತೆ ವಿಲೇವಾರಿ ಮಾಡಬೇಕು ಎನ್ನುತ್ತದೆ. ಐವತ್ತು ವರ್ಷ ದಾಟಿದ ಈ ನಿಯಮವನ್ನು ಔಷಧಿ ಮಾರುವ ಅಂಗಡಿಯ ಗೋಡೆಯ ಮೇಲೆ ಯಾರೂ ಬರೆದಿಲ್ಲ. ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೆದುಬಿಡಿ. ಪಂಪು ತೊಳೆದ ನೀರನ್ನು ಹೊಲದೊಳಗೇ, ಹಳ್ಳದಿಂದ ದೂರ ಚೆಲ್ಲಿ. ಇದಕ್ಕೆ ದುಡ್ಡು ಬೇಡ, ಸರ್ಕಾರದ ಸ್ಕೀಮು ಬೇಡ. ನಿಮ್ಮ ಎತ್ತು ಕುಡಿಯುವುದೂ ಅದೇ ಹಳ್ಳದ ನೀರು ಎಂಬುದನ್ನು ನಾನು ನೆನಪಿಸಬೇಕಾಗಿಲ್ಲ.

ಎರಡನೆಯದು ಹೂಳೆತ್ತುವುದು. ಹೂಳೆತ್ತಬೇಕು, ಅನುಮಾನವಿಲ್ಲ. ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವುದು ನಮ್ಮ ಹಿರಿಯರು ಕಲಿಸಿದ ಬೇಸಾಯ. ಆದರೆ ಅವರು ಎತ್ತಿದ್ದು ಸಲಿಕೆ-ಬುಟ್ಟಿಯಲ್ಲಿ, ಬಂಡಿಯಲ್ಲಿ, ವರ್ಷಕ್ಕೆ ಒಂದಿಷ್ಟು. ಈಗ ಒಂದೇ ವಾರದಲ್ಲಿ ಯಂತ್ರ ಇಳಿಸಿ ಗರಸು ಕಾಣುವ ತನಕ ಇಡೀ ತಳವನ್ನು ಬಾಚುತ್ತೇವೆ. ಸಜೀವ ಮೊಟ್ಟೆಗಳು ಹೆಚ್ಚಾಗಿ ಇರುವುದು ಮೇಲಿನ ಕೆಲವೇ ಇಂಚಿನಲ್ಲಿ, ಮೊದಲು ಟಿಪ್ಪರ್ ಸೇರುವುದೂ ಅದೇ. ಆಮೇಲೆ ಕೆರೆ ತುಂಬುತ್ತದೆ, ಫೋಟೋಕ್ಕೆ ಚೆಂದ ಕಾಣುತ್ತದೆ. ಒಳಗೆ ಪಾಚಿ ತಿನ್ನುವವರು ಯಾರೂ ಇಲ್ಲದ್ದರಿಂದ ನೀರು ಹಸಿರುಗಟ್ಟಿ ನಾರತೊಡಗುತ್ತದೆ. ನನ್ನ ಬೇಡಿಕೆ ದೊಡ್ಡದಲ್ಲ. ಒಂದು ವರ್ಷ ಅರ್ಧ ತಳ ಎತ್ತಿ, ಉಳಿದರ್ಧವನ್ನು ಒಂದೆರಡು ಮಳೆಗಾಲ ಬಿಟ್ಟು ಎತ್ತಿ. ಅದೂ ಆಗದಿದ್ದರೆ ಮೇಲಿನ ಗೇಣುದ್ದ ಮಣ್ಣನ್ನು ಒಂದು ಬದಿಗೆ ರಾಶಿ ಹಾಕಿಟ್ಟು, ಕೆಲಸ ಮುಗಿದ ಮೇಲೆ ಅದರಲ್ಲಿ ನಾಲ್ಕು ಟ್ರ್ಯಾಕ್ಟರ್ ಲೋಡಾದರೂ ತಳಕ್ಕೆ ವಾಪಸ್ ಹರವಿ. ಎಸ್ಟಿಮೇಟಿನಲ್ಲಿ ಒಂದು ಸಾಲು ಸೇರಿಸಿದರೆ ಆಗುವ ಕೆಲಸ ಇದು. ಮಣ್ಣು ಎಲ್ಲಿಗೆ ಹೋಗಬೇಕು ಎಂದು ಗುತ್ತಿಗೆದಾರ ತೀರ್ಮಾನಿಸುವ ಬದಲು ಊರು ತೀರ್ಮಾನಿಸಲಿ.

ಗಜೇಂದ್ರಗಡದ ಗುಡ್ಡದ ಮೇಲಿನ ಕೋಟೆಯ ಹೊಂಡಗಳಿಗೆ, ಬಂಡೆಯ ತಗ್ಗುಗಳಲ್ಲಿ ನಿಲ್ಲುವ ಮಳೆನೀರಿಗೆ ಇನ್ನೊಂದು ಕಾಟ. ಗುಡ್ಡ ಹತ್ತಿ ಹೋದವರು ಬಾಟಲಿ, ಗುಟ್ಕಾ ಚೀಟು, ಊಟದ ತಟ್ಟೆ ಎಲ್ಲವನ್ನೂ ಅಲ್ಲೇ ಇಳಿಸಿ ಬರುತ್ತಾರೆ. ಬಂಡೆಯ ತಗ್ಗಿನಲ್ಲಿ ಇರುವ ಮಣ್ಣೇ ಎರಡು ಬೊಗಸೆ. ಅದನ್ನು ಹೊಲಸು ಮಾಡಿದರೆ ಅಲ್ಲಿಯ ಸಂಸಾರಕ್ಕೆ ಬೇರೆ ಜಾಗವೇ ಇಲ್ಲ. ಕೆಳಗೆ ಕಾಲಕಾಲೇಶ್ವರದ ಅಂತರಗಂಗೆಯ ನೀರನ್ನು ಕಣ್ಣಿಗೊತ್ತಿಕೊಂಡು ತಲೆಯ ಮೇಲೆ ಹಾಕಿಕೊಳ್ಳುವ ನಾವು, ಮೇಲಿನ ಗುಡ್ಡದ ನೀರಿಗೂ ಅದೇ ಮರ್ಯಾದೆ ಕೊಡಲೇಬೇಕು. ಸೂಡಿಯ ಹಳೆಯ ಕಲ್ಲಿನ ಹೊಂಡವನ್ನು ಕಟ್ಟಿದವರು ನೀರನ್ನು ಎಷ್ಟು ಗೌರವದಿಂದ ಕಂಡಿದ್ದರು ಎಂಬುದಕ್ಕೆ ಅದರ ಮೆಟ್ಟಿಲುಗಳೇ ಸಾಕ್ಷಿ.

ಸೊಳ್ಳೆಯ ಮಾತು ಬಂದಾಗ ಜನ ನನ್ನನ್ನು ತಡೆದು ಕೇಳುತ್ತಾರೆ: ನಿಂತ ನೀರು ಅಂದ್ರ ಡೆಂಗಿ ಅಲ್ಲೇನ್ರಿ? ಕೇಳಬೇಕಾದ ಪ್ರಶ್ನೆಯೇ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ಮನೆಯ ಸುತ್ತಲ ಬ್ಯಾರೆಲ್, ಸಿಮೆಂಟ್ ತೊಟ್ಟಿ, ಟೈರು, ಒಡೆದ ಗಡಿಗೆಗಳಲ್ಲಿ. ಜೀವಂತ ಕೆರೆಯಲ್ಲಿ ಸೊಳ್ಳೆಮರಿಯನ್ನು ತಿನ್ನುವವರು ಸಾಲುಗಟ್ಟಿ ಇರುತ್ತಾರೆ. ಅವರಲ್ಲಿ ಸೈಕ್ಲಾಪ್ಸ್ ಬಳಗದ ಮೀಸೋಸೈಕ್ಲಾಪ್ಸ್ ಒಂದು, ಮೊಟ್ಟೆಯಿಂದ ಆಗಷ್ಟೇ ಹೊರಬಂದ ಸೊಳ್ಳೆಮರಿಯನ್ನು ಹಿಡಿದು ಹರಿದು ತಿನ್ನುತ್ತದೆ. 1990ರ ದಶಕದಲ್ಲಿ ವಿಯೆಟ್ನಾಮಿನ ಹಳ್ಳಿಗಳ ನೀರಿನ ತೊಟ್ಟಿ, ಬಾವಿಗಳಿಗೆ ಇದನ್ನೇ ಬಿಟ್ಟು, ಊರ ಹೆಂಗಸರು, ಮಕ್ಕಳು ಸೇರಿ ಒಡೆದ ಡಬ್ಬಿ-ಟೈರು ಆರಿಸಿ ಹಾಕಿ, ಡೆಂಗಿ ಸೊಳ್ಳೆಯನ್ನು ಹಲವು ಊರುಗಳಿಂದ ಇಲ್ಲವಾಗಿಸಿದರು. ನಾವೋ 1928ರಲ್ಲಿ ಹೊರದೇಶದಿಂದ ತಂದ ಗಂಬೂಸಿಯಾ ಮೀನನ್ನು ಕಂಡಕಂಡ ಹೊಂಡಕ್ಕೆ ಬಿಡುತ್ತ ಬಂದಿದ್ದೇವೆ. ಅದು ಸೊಳ್ಳೆಮರಿಯ ಜೊತೆಗೆ ಸೈಕ್ಲಾಪ್ಸನ್ನೂ, ನೀರುಚಿಗಟವನ್ನೂ, ಮಳೆಹೊಂಡದ ಸಿಗಡಿಯನ್ನೂ ತಿಂದು ಮುಗಿಸುತ್ತದೆ. ಪುಕ್ಕಟೆ ದುಡಿಯುತ್ತಿದ್ದ ಆಳನ್ನು ಕೊಂದು, ಕೊಂದವನಿಗೆ ಹೊಟ್ಟೆಗೆ ಹಾಕುವ ಕೆಲಸ ಇದು. ಬತ್ತುವ ಹೊಂಡಗಳಿಗೆ ಗಂಬೂಸಿಯಾ ಬಿಡಬೇಡಿ. ಕೇಂದ್ರ ಸರ್ಕಾರ ಬಹಳ ಹಿಂದೆಯೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಕದ್ದು ತಂದರೆ ಊರೊಳಗೇ ತಡೆಯಿರಿ.

ಮೀನು ಗುತ್ತಿಗೆಯವರೇ, ನಿಮ್ಮ ಕಸುಬಿನ ಬುಡವೂ ಇಲ್ಲೇ ಇದೆ. ನೀವು ಬಿಡುವ ಕಾಟ್ಲಾ ಮರಿ ಬಾಯಿ ತೆರೆದು ಮೊದಲು ತಿನ್ನುವುದು ಈ ನಾಪ್ಲಿಯಸ್, ನೀರುಚಿಗಟಗಳನ್ನೇ. ಬೆಳೆದ ಕಾಟ್ಲಾಕ್ಕೂ ಅವೇ ಮುಖ್ಯ ಊಟ. ಅವು ಸತ್ತ ಕೆರೆಯಲ್ಲಿ ಮೂಟೆಗಟ್ಟಲೆ ಹಿಂಡಿ ಸುರಿದರೂ ಮೀನು ತೂಗುವುದಿಲ್ಲ. ನಮ್ಮದೇ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು, ಪಟ್ಟೆತಲೆ ಹೆಬ್ಬಾತುಗಳಿಂದ ಜಗತ್ತಿಗೆ ಹೆಸರಾಯಿತು. ಚಳಿಗಾಲಕ್ಕೆ ಬರುವ ಬಾತು, ಗೊರವಗಳ ಹಿಂಡು ಮಾಗಡಿಯೊಂದನ್ನೇ ನಂಬಿ ಬರುವುದಿಲ್ಲ, ದಾರಿಯುದ್ದಕ್ಕೂ ಸಣ್ಣ ಸಣ್ಣ ನೀರುಗಳಲ್ಲಿ ಇಳಿದು ಮೇಯುತ್ತವೆ. ಕಾಲಿಗಂಟಿದ ಕೆಸರಿನಲ್ಲಿ, ಹೊಟ್ಟೆಯಲ್ಲಿ ಸಿಗಡಿಮೊಟ್ಟೆಗಳನ್ನು ಹೊತ್ತು ಒಂದು ಕೆರೆಯಿಂದ ಇನ್ನೊಂದಕ್ಕೆ ಬಿತ್ತುತ್ತವೆ. ಒಂದು ಕೆರೆ ಸತ್ತರೆ ಆ ಸರಪಳಿಯ ಕೊಂಡಿಯೊಂದು ಕಳಚಿತು.

ನಾರು ಹುಣ್ಣಿನ ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಕಾಲಿನ ಗುಳ್ಳೆ ಒಡೆದು, ಮೊಳಕ್ಕೂ ಮಿಕ್ಕಿದ ಉದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆದ ನೋವು ಕಂಡವರು. ಆ ಹುಳುವಿನ ಮರಿ ಮನುಷ್ಯನ ಹೊಟ್ಟೆ ಸೇರುತ್ತಿದ್ದದ್ದು ಸೈಕ್ಲಾಪ್ಸ್ ಮೂಲಕ. 1870ರಲ್ಲಿ ರಷ್ಯಾದ ವಿಜ್ಞಾನಿ ಫೆಡ್ಚೆಂಕೋ ಇದನ್ನು ಕಂಡುಹಿಡಿದರು. ಅಂಥ ಸೈಕ್ಲಾಪ್ಸ್ ಪರ ಮಾತಾಡ್ತೀರಲ್ಲ ಎಂದು ಆ ಹಿರಿಯರು ಕೇಳಿದರೆ ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ. ಕರ್ನಾಟಕವೂ ಆ ರೋಗದ ರಾಜ್ಯಗಳಲ್ಲಿ ಒಂದಾಗಿತ್ತು. 1980ರ ದಶಕದಲ್ಲಿ ದೇಶವೇ ಅದರ ಬೆನ್ನುಬಿತ್ತು. ಮೆಟ್ಟಿಲು ಬಾವಿಗಳ ನೀರಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕಿದ್ದು ನಿಜ. ಆದರೆ ರೋಗದ ಕೊರಳು ಹಿಸುಕಿದ್ದು ಮುಖ್ಯವಾಗಿ ಜನರೇ: ಕೊಡದ ಬಾಯಿಗೆ ದಪ್ಪ ಅರಿವೆ ಕಟ್ಟಿ ನೀರು ಸೋಸಿದ ತಾಯಂದಿರು, ಹುಣ್ಣಿನ ಕಾಲನ್ನು ಕುಡಿಯುವ ನೀರಿಗೆ ಇಳಿಸದೆ ದೂರ ನಿಂತ ರೋಗಿಗಳು, ಮೆಟ್ಟಿಲು ಮುಚ್ಚಿ ಹಗ್ಗದಲ್ಲಿ ಸೇದುವ ಬಾವಿ ಮಾಡಿದ ಊರುಗಳು, ಬ್ಯಾಟರಿ ಹಿಡಿದು ಮನೆಮನೆ ತಿರುಗಿದ ಆರೋಗ್ಯ ಕಾರ್ಯಕರ್ತರು. 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತು ಎಂದಿತು. ಸೈಕ್ಲಾಪ್ಸ್ ಇಂದಿಗೂ ಇದೆ, ರೋಗ ಇಲ್ಲ. ಜೀವ ಅಳಿಸದೆಯೂ ರೋಗ ಅಳಿಸಬಹುದು ಎಂದು ಈ ದೇಶದ ಹಳ್ಳಿಯ ಹೆಂಗಸರು ಒಂದು ತುಂಡು ಅರಿವೆಯಿಂದ ಮಾಡಿ ತೋರಿಸಿದ್ದಾರೆ.

ಎರೆಸೀಮೆಯಲ್ಲಿ ಬಾವಿ ತೋಡಿದರೆ ಬರುವುದು ಸವುಳು ನೀರು. ಹಾಗಾಗಿ ನಮ್ಮ ಅಜ್ಜ-ಅಮ್ಮಂದಿರು ಕುಡಿದದ್ದು ಕೆರೆಯ ನೀರನ್ನೇ. ಊರಿಗೊಂದು ಸಿಹಿನೀರಿನ ಕೆರೆ ಕಾಯ್ದಿಟ್ಟು, ಅದರಲ್ಲಿ ಅರಿವೆ ಒಗೆಯಬಾರದು, ದನ ಇಳಿಸಬಾರದು, ಕಾಲಲ್ಲಿ ಕೆರವಿಟ್ಟು ಇಳಿಯಬಾರದು ಎಂದು ಕಟ್ಟು ಮಾಡಿದ್ದರು. ಮನೆಗೆ ನಳ ಬಂತು, ಕಟ್ಟು ಸಡಿಲಿತು. ಈಗ ಪಟ್ಟಣಗಳ ಗಟಾರ ನೇರ ಹಳ್ಳಕ್ಕೆ, ಹಳ್ಳ ನೇರ ಕೆರೆಗೆ. ಗಣಪತಿ ಹಬ್ಬ ಮುಗಿದ ಮೇಲೆ ಪಿಒಪಿ ಮೂರ್ತಿಗಳ ಬಣ್ಣವೂ ಅಲ್ಲಿಗೇ.

ಆದರೆ ನಮ್ಮ ಹಬ್ಬಗಳ ಮೂಲ ಹೀಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ಎತ್ತು ಮಾಡುತ್ತೇವೆ, ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಕೂರಿಸುತ್ತಾರೆ, ಪೂಜೆ ಮುಗಿಸಿ ಮಣ್ಣನ್ನು ನೀರಿಗೆ ಒಪ್ಪಿಸುತ್ತಾರೆ. ಕೆರೆಯಂಗಳದಿಂದ ತಂದ ಮಣ್ಣಾದರೆ ಆ ಎತ್ತಿನ ಹೊಟ್ಟೆಯೊಳಗೆ ನಾನು ಇಷ್ಟು ಹೊತ್ತು ಹೇಳಿದ ಮೊಟ್ಟೆಗಳೂ ಇರುತ್ತವೆ. ನೀರಿಗೆ ಬಿಟ್ಟ ದಿನ ಅವು ಮನೆ ಸೇರುತ್ತವೆ. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ನಾವು ಯಾರಿಗೆ ಉಣಿಸುತ್ತೇವೆ? ಇಂಥ ದೇವರಿಗೆ ಎಂದು ಹೆಸರಿಟ್ಟು ಚೆಲ್ಲುವುದಿಲ್ಲ. ಹೊಲದ ಉದ್ದಗಲ ನಡೆದು, ಕಂಡದ್ದು ಕಾಣದ್ದು ಎಲ್ಲದರ ಪಾಲನ್ನು ಮೊದಲು ಕೊಟ್ಟು, ಆಮೇಲೆ ಬುತ್ತಿ ಬಿಚ್ಚುತ್ತೇವೆ. ಕ್ಯಾನ್‌ಬೆರಾದಲ್ಲಿ ದೇಶದೇಶಗಳು ಕಾಗದದ ಮೇಲೆ ಬರೆದುಕೊಂಡದ್ದನ್ನು ಈ ಸೀಮೆ ತಲೆತಲಾಂತರದಿಂದ ಹೊಲದಲ್ಲಿ ಮಾಡುತ್ತ ಬಂದಿದೆ. ಆ ಚರಗದ ಗೆರೆಯನ್ನು ಹೊಲದ ಬದುವಿನಿಂದ ಕೆರೆಯ ದಂಡೆಯವರೆಗೆ ಎಳೆಯಿರಿ ಎಂಬುದಷ್ಟೇ ನನ್ನ ಬೇಡಿಕೆ.

ಮಾಸ್ತರರೇ, ಅಕ್ಕೋರೇ, ಸಾಲಿ ಸುರುವಾದ ಮೊದಲ ವಾರವೇ ಮಕ್ಕಳನ್ನು ಕೆರೆಯಂಗಳಕ್ಕೆ ಕರೆದೊಯ್ಯಿರಿ. ಒಣ ಕೆಸರಿನ ಒಂದೊಂದು ಹೆಂಟೆಯನ್ನು ಅವರ ಕೈಗೆ ಕೊಡಿ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಅದನ್ನು ಪುಡಿಮಾಡಿ ಹಾಕಿ, ಮಳೆಯ ನೀರು ಹೊಯ್ದು, ನೆರಳು-ಬಿಸಿಲು ಎರಡೂ ಬೀಳುವ ಕಿಟಕಿಯಲ್ಲಿಡಿ. ನಳದ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಎರಡನೇ ದಿನದಿಂದ ಭೂತಗನ್ನಡಿ ಹಿಡಿದು ದಿನಾ ನೋಡಲಿ, ಕಂಡದ್ದನ್ನು ಬರೆಯಲಿ: ಎಷ್ಟು ಕಾಲು, ಎಷ್ಟು ಕಣ್ಣು, ನಿನ್ನೆಗಿಂತ ಇಂದು ಏನು ಹೆಚ್ಚಾಯಿತು. ಒಂದೂರಿನ ಕೆಸರಿನಲ್ಲಿ ಏನು ಹುಟ್ಟಿತು, ಪಕ್ಕದೂರಿನದರಲ್ಲಿ ಏನು ಹುಟ್ಟಲಿಲ್ಲ ಎಂದು ಮೂರೂ ತಾಲ್ಲೂಕಿನ ಸಾಲಿಗಳು ಹೋಲಿಸಿ ನೋಡಿದರೆ, ಯಾವ ಕೆರೆಗೆ ಏಟು ಬಿದ್ದಿದೆ ಎಂದು ಮಕ್ಕಳೇ ನಮಗೆ ಹೇಳುತ್ತಾರೆ.

ಪಂಚಾಯಿತಿಯವರೇ, ಗ್ರಾಮಸಭೆಯಲ್ಲಿ ಮೂರೇ ಠರಾವು ಮಾಡಿ. ಕೆರೆ-ಹಳ್ಳದಲ್ಲಿ ಎಣ್ಣಿ ಪಂಪು, ಡಬ್ಬಿ ತೊಳೆಯುವಂತಿಲ್ಲ. ಹೂಳೆತ್ತುವಾಗ ತಳದ ಒಂದು ಪಾಲು ಮುಟ್ಟುವಂತಿಲ್ಲ. ಊರ ಸೀಮೆಯಲ್ಲಿ ಮಳೆಗಾಲಕ್ಕೆ ಮಾತ್ರ ನೀರು ನಿಲ್ಲುವ ಹೊಂಡಗಳನ್ನು ಗುರುತಿಸಿ ಬರೆದಿಟ್ಟು, ಅವುಗಳಲ್ಲಿ ಒಂದನ್ನಾದರೂ ಮೀನು ಬಿಡದೆ, ಮುಚ್ಚದೆ, ಇದ್ದ ಹಾಗೇ ಬಿಡತಕ್ಕದ್ದು. ಜುಲೈ 21ರಂದು ಹುತಾತ್ಮ ರೈತರಿಗೆ ಮಾಲೆ ಹಾಕಲು ನರಗುಂದಕ್ಕೆ ನಾಯಕರು ಬರುತ್ತಾರೆ. ಆ ಹೊತ್ತಿಗೆ ಒಂದೆರಡು ಮಳೆ ಆಗಿ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಅಂದು ಮೈಕಿನ ಮುಂದೆ ನಿಲ್ಲುವ ಪ್ರತಿಯೊಬ್ಬರನ್ನೂ ಕೇಳಿ: ನಿಮ್ಮ ಊರಿನ ಠರಾವು ಆಯಿತೇ, ಯಾವ ಹೊಂಡವನ್ನು ಬಿಟ್ಟಿರಿ, ಅದರ ಹೆಸರು ಹೇಳಿ.